ಕೊನೆಯ ಪಾರ್ಸೆಲ್ ಮುಚ್ಚಬಾರದು

ಮಕ್ಕಳೇ, ನಿಮ್ಮ ಫೋನಿನಲ್ಲಿ ಆಟ ಶುರುವಾಗುವ ಮುಂಚೆ ಒಂದು ಚಕ್ರ ತಿರುಗುತ್ತದಲ್ಲ, ಅದು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ತಿರುಗಿದರೂ ನೀವು ಮನೆಯನ್ನೇ ತಲೆಕೆಳಗು ಮಾಡುತ್ತೀರಿ. ನಿಮ್ಮ ಅಜ್ಜಿ ಆ ಚಕ್ರದ ಮುಂದೆ ಕುಳಿತು ಅನ್ನ ತಿಂದವಳು. ಅದು ತಿರುಗುವುದನ್ನು ನೋಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು ಅಂದರೂ ನಡೆಯುತ್ತದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನೀವು ನಡುವೆ ಎದ್ದು ಹೋಗುತ್ತೀರಿ. ನನಗೂ ಎದುರಿಗೆ ಯಾರಾದರೂ ಕೂತು ಕೇಳುತ್ತಿದ್ದರೆ ಮಾತು ಹೊರಡುವುದಿಲ್ಲ.

ನಾನು ಕೆಲಸ ಮಾಡಿದ್ದು ಒಂದು ಖಾಸಗಿ ಬಸ್ ಕಂಪನಿಯ ಪಾರ್ಸೆಲ್ ಆಫೀಸಿನಲ್ಲಿ. ಮಧುಗಿರಿ ಬಸ್ ಸ್ಟ್ಯಾಂಡಿನ ಪಕ್ಕದ ಗಲ್ಲಿಯಲ್ಲಿತ್ತು. ಬಾಗಿಲಲ್ಲಿ ನಿಂತು ತಲೆ ಎತ್ತಿದರೆ ಬೆಟ್ಟ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೆಳಗೆ ಆಫೀಸು, ಮಹಡಿಯ ಮೇಲೆ ಕಂಪನಿ ಯಜಮಾನರ ಮನೆ. ನಿಮ್ಮ ತಾತ ಅದೇ ಕಂಪನಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ಯಜಮಾನರ ತಾಯಿ ನಮ್ಮ ಮನೆಗೆ ಬಂದರು. ಗಂಡನ ಕಾಲದಲ್ಲಿ, ಕಂಪನಿಗೆ ಒಂದೇ ಒಂದು ಬಸ್ಸಿದ್ದಾಗ, ಕೌಂಟರಿನಲ್ಲಿ ತಾವೇ ಕೂತು ಬರೆಯುತ್ತಿದ್ದ ಹೆಂಗಸು ಆಕೆ. ನಾವೆಲ್ಲ ಆಕೆಯನ್ನು ಅಮ್ಮಾವ್ರು ಅನ್ನುತ್ತಿದ್ದೆವು.

"ಮೂಲೇಲಿ ಕುಂತಿದ್ರೆ ಕಲ್ತಿದ್ ಅಕ್ಷರನೂ ಮರ್ತೋಗ್ತವೆ. ನಾಳೆಯಿಂದ ಕೌಂಟ್ರಿಗೆ ಬಾ," ಅಂದರು. "ಮಾತಾಡೋದೇನೂ ಬ್ಯಾಡ. ಕಂಪ್ಯೂಟ್ರಾಗೆ ಒತ್ಕಂಡು ಕುಂತ್ರೆ ಸಾಕು."

ಮಾತಾಡುವುದು ಬೇಡ ಅಂದದ್ದಕ್ಕೇ ನಾನು ಒಪ್ಪಿದ್ದು. ಊರಿನ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದೂ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದವಳು ನಾನು. ಆಫೀಸಿನ ಕೌಂಟರಿಗೆ ಗಾಜು ಹಾಕಿ, ಒಂದು ಕೈ ತೂರುವಷ್ಟು ಕಂಡಿ ಬಿಟ್ಟಿದ್ದರು. ಅದನ್ನು ನನಗೆಂದೇ ಕೊರೆದಂತಿತ್ತು.

ಕೆಲಸ ಸುಲಭದ್ದು. ಯಾರೋ ಪಾರ್ಸೆಲ್ ತರುತ್ತಾರೆ. ತೋವಿನಕೆರೆ ಕಡೆಯ ಹೂವಿನ ಬುಟ್ಟಿ, ಶಿರಾದ ಕಡಲೆಕಾಯಿ ಎಣ್ಣೆ ಡಬ್ಬ, ವೈಂಡಿಂಗ್ ಆದ ಪಂಪ್ ಮೋಟಾರು, ಟೈಲರ್ ಹೊಲಿದ ಮದುವೆ ಹೆಣ್ಣಿನ ರವಿಕೆ, ಮನೆಯಲ್ಲಿ ಮರೆತುಬಂದ ಕನ್ನಡಕ. ನಾವು ಕಂಪ್ಯೂಟರಿನಲ್ಲಿ ಬರೆಯಬೇಕು, ಚೀಟಿ ಹೊರಬರುತ್ತದೆ, ಅದನ್ನು ಅಂಟಿಸಿ ಬಸ್ಸಿಗೆ ಹಾಕಬೇಕು. ಆ ಕಡೆಯ ಕೌಂಟರಿನವರು ಪಾರ್ಸೆಲನ್ನು ವಾರಸುದಾರರ ಕೈಗೆ ಕೊಟ್ಟು, 'ತಲುಪಿತು' ಅಂತ ಒತ್ತಬೇಕು. ಇದಕ್ಕೆ ನಮ್ಮಲ್ಲಿ ಪಾರ್ಸೆಲ್ ಮುಚ್ಚುವುದು ಅನ್ನುತ್ತಿದ್ದರು.

ಮೊದಲ ದಿನ ಸಂಜೆ ನಾನು ಎಲ್ಲವನ್ನೂ ಮುಚ್ಚಿ ಏಳುತ್ತಿದ್ದಾಗ ಅಮ್ಮಾವ್ರು ಮಹಡಿಯಿಂದ ಇಳಿದು ಬಂದರು.

"ಕೊನೇದ್ನ ಮುಚ್ಚಬ್ಯಾಡ, ಬುಡು. ಕಣಜದಿಂದ ರಾಗಿ ತೆಗ್ಯೋವಾಗ ಒಂದ್ ಹಿಡಿ ಉಳ್ಸಲ್ವಾ? ಅಂಗೇ ಇದೂನೂವೆ. ಪೂರಾ ಬರಿದು ಮಾಡ್ಬುಟ್ಟು ಎದ್ದೋದ್ರೆ ನಾಳೆ ಯಾರ್ ಬತ್ತಾರೆ?"

ಇದು ನನಗೆ ಹೊಸದಲ್ಲ. ನಮ್ಮ ಮನೆಯಲ್ಲೂ ಹಿಟ್ಟಿನ ಡಬ್ಬ ಬರಿದಾಗಲು ಬಿಡುತ್ತಿರಲಿಲ್ಲ. ಹೊರಡುವಾಗ ಹೋಗುತ್ತೇನೆ ಅನ್ನುವವರಲ್ಲ ನಾವು, ಬರುತ್ತೇನೆ ಅನ್ನುವವರು. ಪಾರ್ಸೆಲ್ ಹೇಗೂ ಅದರ ಮನೆ ಸೇರಿರುತ್ತದೆ, ಒಂದು ಗುಂಡಿ ಒತ್ತದೆ ಉಳಿದರೆ ಯಾರಿಗೇನು ನಷ್ಟ? ಹಾಗೆಂದುಕೊಂಡು ಅಂದಿನಿಂದ ಪ್ರತಿ ಸಂಜೆ ಕೊನೆಯದೊಂದನ್ನು ಬಿಟ್ಟು ಎದ್ದೆ. ಶಿರಾ ಕೌಂಟರಿನವರೂ ಬಿಡುತ್ತಿದ್ದರು. ಪಾವಗಡದಾಕೆಯಂತೂ ಸಂಜೆಗೊಂದು, ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವಾಗ ಇನ್ನೊಂದು ಬಿಡುತ್ತಿದ್ದಳು. ಭಕ್ತಿ ಜಾಸ್ತಿ.

ಆ ಪಾವಗಡದಾಕೆಯ ಬಗ್ಗೆ ಹೇಳಬೇಕು. ಆಕೆಯನ್ನು ನಾನು ಫೋನಿನಲ್ಲಿ ಮಾತ್ರ ಬಲ್ಲೆ. ಪಾವಗಡದ ಕೌಂಟರ್ ಆಕೆಯದು. ಕೌಂಟರಿನ ಹಿಂದಿನ ಒಂದು ಕೋಣೆಯೇ ಆಕೆಯ ಮನೆ. ಕೆಲಸದ ಜೊತೆಗೆ ಕಂಪನಿಯೇ ಕೊಟ್ಟದ್ದು. ಗಂಡ ಅನ್ನುವವನು ಗಡಿಯ ಆಚೆ ಎಲ್ಲೋ ಇನ್ನೊಂದು ಸಂಸಾರ ಹೂಡಿದ್ದ. "ಅವನೂ ಪಾರ್ಸೆಲ್ಲೇ ಕಣಮ್ಮ, ತಪ್ಪು ಬಸ್ಸಿಗೆ ಹಾಕ್ಬುಟ್ಟವ್ರೆ," ಅನ್ನುತ್ತಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದು ಬೈಗುಳ. ನಾನು ಈ ಕಡೆ ಹೂಂ ಅನ್ನುತ್ತಿದ್ದೆ. ನನ್ನ ಜೊತೆ ಜಗಳವಾಡದೆ ಮಾತು ಮುಂದುವರಿಸಲು ಇಷ್ಟು ಸಾಕು ಅಂತ ಕಂಡುಹಿಡಿದವಳು ಆಕೆ ಒಬ್ಬಳೇ.

ಆಗ ಕಂಪ್ಯೂಟರಿನಲ್ಲಿದ್ದದ್ದು ಕರಿ ಪರದೆ, ಬಿಳಿ ಅಕ್ಷರ. ನೋಡಲು ಚೆನ್ನಾಗಿರಲಿಲ್ಲ, ಆದರೆ ಒತ್ತಿದರೆ ಬರುತ್ತಿತ್ತು. ಅಷ್ಟು ಸರಳವಾಗಿ ನಡೆಯುವುದನ್ನು ಹಾಗೇ ಬಿಟ್ಟರೆ ಯಜಮಾನಿಕೆಗೆ ಏನು ಬೆಲೆ? ನಮ್ಮ ಯಜಮಾನರು ಬುದ್ಧಿವಂತರು. ಅದನ್ನು ಅವರೇ ಹಲವು ಸಲ ಹೇಳಿದ್ದಾರೆ. ಅವರಿಗೆ ಯಾವುದೋ ಮದುವೆಮನೆಯಲ್ಲಿ, ಎಲೆಯ ಮುಂದೆ ಕೂತಾಗ, ಈಗ ಪಾವಗಡದಲ್ಲಿ ಎಷ್ಟು ಪಾರ್ಸೆಲ್ ಬಂದಿವೆ ಎಂದು ಫೋನಿನಲ್ಲಿ ನೋಡಿ ಪಕ್ಕದವರಿಗೆ ತೋರಿಸಬೇಕಿತ್ತು. ಅದಕ್ಕಾಗಿ ಒಂದು ಸಾಫ್ಟ್‌ವೇರ್ ಕಂಪನಿಯವರಿಂದ ಹಳೆಯ ಪ್ರೋಗ್ರಾಮನ್ನು ಇಂಟರ್ನೆಟ್ಟಿಗೆ ಏರಿಸಿದರು. ಎತ್ತಿನ ಗಾಡಿಗೆ ಕಾರಿನ ಹಾರನ್ನು ಕೂರಿಸಿದ ಹಾಗಾಯಿತು. ಅದೇ ಮಾಲು, ಅದೇ ಅಂಕಿ, ಈಗ ನೀಲಿ ಬಣ್ಣ, ಮೇಲೊಂದು ಬಸ್ಸಿನ ಚಿತ್ರ, ನಡುವೆ ಆ ಚಕ್ರ.

ಮೊದಮೊದಲು ಚಕ್ರ ಸ್ವಲ್ಪ ತಿರುಗಿ ನಿಲ್ಲುತ್ತಿತ್ತು. ಬರಬರುತ್ತ ಅದಕ್ಕೆ ತಿರುಗುವುದೇ ಇಷ್ಟವಾಯಿತು. ಒಂದು ಪಾರ್ಸೆಲ್ ಬರೆದು ಮುಂದಿನದಕ್ಕೆ ಹೋದರೆ ಸಾಕು, ಮೊದಲ ಪುಟ ತೆರೆಯಬೇಕು, ಚಕ್ರ ಶುರು. ಹೊರಗೆ ಡ್ರೈವರ್ ಹಾರನ್ ಒತ್ತುತ್ತಾನೆ, ಚೀಟಿ ಬಂದಿಲ್ಲ. ಕೈಯಲ್ಲಿ ಬರೆದು ಕೊಡೋಣವೆಂದರೆ ಯಜಮಾನರು ಚೀಟಿ ಪುಸ್ತಕಗಳನ್ನೆಲ್ಲ ಮುಂಚೆಯೇ ರದ್ದಿಗೆ ಹಾಕಿಸಿದ್ದರು. ಬಸ್ಸು ಹೋಗುತ್ತಿತ್ತು, ಹೂವಿನ ಬುಟ್ಟಿ ಕೌಂಟರಿನ ಮೇಲೆ ಉಳಿಯುತ್ತಿತ್ತು. ಕನಕಾಂಬರ ನನ್ನ ಮುಖ ನೋಡುತ್ತ ಬಾಡುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಫೋನ್ ಬರುತ್ತಿತ್ತು.

"ಏಮ್ಮಾ, ನಿಂದು ತಿರುಗ್ತಾ ಐತಾ?"

"ಹೂಂ."

"ನಂದೂ. ಇಲ್ಲಿ ಎಸರಿಗಿಟ್ಟು ಬಂದಿದೀನಿ. ಅನ್ನ ಆದ್ರೂ ಇದು ಆಗಂಗಿಲ್ಲ. ಏಂ ಚೇಸೇದಿ, ಏನ್ ಮಾಡ್ಲಿ ಹೇಳು. ಮುಂದೆ ನಿಂತವ್ನು ನನ್ನೇ ನೋಡ್ತಾವ್ನೆ, ನಾನೇ ಕೈಯಾಗೆ ತಿರುಗಿಸ್ತಿದೀನೇನೋ ಅನ್ನಂಗೆ."

ಹಾಗೆ ನಾವಿಬ್ಬರೂ ಚಕ್ರ ನಿಲ್ಲುವವರೆಗೆ ಮಾತಾಡುತ್ತಿದ್ದೆವು. ಅಂದರೆ ಆಕೆ ಮಾತಾಡುತ್ತಿದ್ದಳು.

ಇನ್ನು ರಿಪೇರಿಯ ಕತೆ. ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿದರೆ, ತಮ್ಮದೆಲ್ಲ ಸರಿ ಇದೆ, ನಿಮ್ಮ ನೆಟ್ ಸರಿ ಇಲ್ಲ ಅಂದರು. ನೆಟ್ಟಿನವರನ್ನು ಕರೆಸಿದರೆ ತಮ್ಮದೆಲ್ಲ ಸರಿ ಇದೆ, ನಿಮ್ಮ ಕಂಪ್ಯೂಟರ್ ಹಳೆಯದು ಅಂದರು. ಯಜಮಾನರು ಇಬ್ಬರನ್ನೂ ನಂಬಿದರು. ಬೆಟ್ಟ ಅಡ್ಡ ಬರುತ್ತದೆಂದು ಗಾಳಿಯ ನೆಟ್ ತೆಗೆಸಿ ಹೊಸ ಕೇಬಲ್ ಎಳೆಸಿದರು. ಬೆಟ್ಟ ಅಲ್ಲೇ ಇತ್ತು, ಚಕ್ರವೂ. ಆಮೇಲೆ ಹೊಸ ಕಂಪ್ಯೂಟರ್ ಬಂತು. ಪರದೆ ದೊಡ್ಡದಾದ್ದರಿಂದ ಚಕ್ರ ದೊಡ್ಡದಾಗಿ, ಬಹಳ ಸ್ಪಷ್ಟವಾಗಿ ತಿರುಗಿತು. ಆಮೇಲೆ ವಾಸ್ತುವಿನವರು ಬಂದು ನನ್ನನ್ನು ಪೂರ್ವಕ್ಕೆ ತಿರುಗಿಸಿ ಕೂರಿಸಿದರು. ಪೂರ್ವಕ್ಕೆ ಮುಖ ಮಾಡಿದ ಮೇಲೆ ಕಂಡಿ ನನ್ನ ಬೆನ್ನ ಹಿಂದೆ ಹೋಯಿತು. ಕತ್ತು ತಿರುಗಿಸಿ ತಿರುಗಿಸಿ ಪಾರ್ಸೆಲ್ ತೆಗೆದುಕೊಳ್ಳುತ್ತಿದ್ದೆ. ಚಕ್ರದ ಜೊತೆಗೆ ನಾನೂ ತಿರುಗುವಂತಾಯಿತು, ಅದೊಂದೇ ಬದಲಾವಣೆ.

ನಾಲ್ಕು ಊರಿನ ಕೌಂಟರುಗಳಲ್ಲಿ ಕೊರಟಗೆರೆಯದು ಮಾತ್ರ ಚುರುಕಾಗಿತ್ತು. ಆ ಯುಗಾದಿಗೆ ತೆರೆದ ಹೊಸ ಕೌಂಟರ್ ಅದು. ಯಜಮಾನರು ಅದಕ್ಕೂ ಕಾರಣ ಕಂಡುಹಿಡಿದರು. "ಕೊರಟಗೆರೆ ತುಮಕೂರಿಗೆ ಹತ್ರ ಅಲ್ವಾ, ನೆಟ್ಟು ಬೇಗ ಬತ್ತದೆ." ನೆಟ್ಟು ತುಮಕೂರಿನಿಂದ ನಮ್ಮದೇ ಬಸ್ಸು ಹತ್ತಿ, ಕೊರಟಗೆರೆಯಲ್ಲಿ ಮೊದಲು ಇಳಿಯುತ್ತದೆ ಅನ್ನುವ ಹಾಗೆ. ಹೆದ್ದಾರಿಯ ಪಕ್ಕದಲ್ಲೇ ಇರುವ ಶಿರಾದವನು, "ನಮ್ದೂ ಸುಸ್ತು ಅದೆ ಸಾರ್, ಪರೇಶಾನ್ ಆಗೋಗಿದೀನಿ," ಅಂದಾಗ, ಅವನಿಗೆ ಮೈಗಳ್ಳತನ ಅಂದರು.

ಎಲ್ಲಕ್ಕಿಂತ ನಿಧಾನ ಪಾವಗಡ. ಒಂದು ದಿನ ಯಜಮಾನರು ಕೌಂಟರಿನ ಬಳಿ ನಿಂತು, ನನ್ನ ಕಡೆ ನೋಡದೆ ತೀರ್ಪು ಕೊಟ್ಟರು. "ಆ ಹೆಂಗಸಿಗೆ ಕೆಲ್ಸ ಬರಲ್ಲ. ಶ್ರಾವಣ ಕಳೀಲಿ, ಪಾವಗಡದ್ದು ಮುಚ್ಚಿ ಯಾವ್ದಾದ್ರೂ ಟೀ ಅಂಗಡಿಯವನಿಗೆ ಏಜೆನ್ಸಿ ಕೊಟ್‌ಬುಡ್ತೀನಿ."

ಕೌಂಟರ್ ಹೋದರೆ ಹಿಂದಿನ ಕೋಣೆಯೂ ಹೋಯಿತು. ಸುದ್ದಿ ಆಕೆಯನ್ನು ಮುಟ್ಟಲು ಕಂಪ್ಯೂಟರ್ ಬೇಕಾಗಲಿಲ್ಲ, ಡ್ರೈವರ್ ಮುಟ್ಟಿಸಿದ. ಅಂದು ಫೋನಿನಲ್ಲಿ ಆಕೆ ಬೈಯಲಿಲ್ಲ. ಅದಕ್ಕೇ ನನಗೆ ಭಯವಾದದ್ದು.

"ಪಾತ್ರೆ ಪಡಗ ಎಲ್ಲಾ ಕಟ್ಟಿ ಒಂದ್ ಪಾರ್ಸೆಲ್ ಮಾಡ್ಬೋದು," ಅಂದಳು. "ಯಾವ ಊರಿಗೆ ಅಂತ ಬರೀಬೇಕೋ ಅದೇ ತಿಳೀವಲ್ದು."



ಶ್ರಾವಣ ಇನ್ನೂ ನಡೆಯುತ್ತಿರುವಾಗಲೇ, ಯಜಮಾನರು ಕಾಸು ಕೊಡುವುದಿಲ್ಲವೆಂದು ಗದರಿದ ಮೇಲೆ, ಸಾಫ್ಟ್‌ವೇರ್ ಕಂಪನಿಯವರು ಒಬ್ಬ ಇಂಜಿನಿಯರನ್ನು ಕಳಿಸಿದರು. ಮೂವತ್ತು ದಾಟಿದ ಹೆಂಗಸು, ಬೆನ್ನಿಗೆ ಚೀಲ. ನಮ್ಮ ಬಸ್ಸಿನಲ್ಲೇ ಬಂದಿದ್ದರು, ಹಾಗಾಗಿ ತಡವಾಗಿಯೇ ಬಂದರು. ಬಂದವರು ಕೇಬಲ್ ಮುಟ್ಟಲಿಲ್ಲ, ಧೂಳು ಊದಲಿಲ್ಲ. ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ ಅಮ್ಮ, ನಾನು ನೋಡ್ತಿರ್ತೀನಿ. ಯಾವುದನ್ನ ಒತ್ತಿದಾಗ ನಿಧಾನ ಅಂತ ಬೆರಳಲ್ಲಿ ತೋರಿಸಿದರೆ ಸಾಕು."

ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹೆಸರು ಬರೆಯುವುದು ಬೇಗ ಆಯಿತು. ಚೀಟಿಯೂ ಬೇಗ ಬಂತು. ಮೊದಲ ಪುಟಕ್ಕೆ ಮರಳಿದಾಗ ಚಕ್ರ ಹೊರಟಿತು. ನಾನು ಬೆರಳು ತೋರಿಸಿದೆ.

ಆಕೆ ಯಜಮಾನರನ್ನು ಕೇಳಿದರು. "ಎಲ್ಲೆಲ್ಲಿ ನಿಧಾನ ಇಲ್ಲ ಸಾರ್?"

"ಕೊರಟಗೆರೇಲಿ. ತುಮಕೂರಿಗೆ ಹತ್ರ ನೋಡಿ."

"ಅಲ್ಲಿ ಕೌಂಟರ್ ಶುರು ಮಾಡಿ ಎಷ್ಟು ದಿನ ಆಯ್ತು?"

"ಈ ಯುಗಾದಿಗೆ."

"ಪಾವಗಡದ್ದು?"

"ಅದು ನಮ್ಮಪ್ಪನ ಕಾಲದ್ದು."

ಆಕೆ ತಲೆಯಾಡಿಸಿದರು. ತಮ್ಮ ಲ್ಯಾಪ್‌ಟಾಪ್ ತೆರೆದು ಏನೇನೋ ನೋಡಿದರು, ಆಮೇಲೆ ನಿಧಾನವಾಗಿ ಹೇಳಿದರು. "ನೆಟ್ ಅಲ್ಲ ಸಾರ್, ಕಂಪ್ಯೂಟರೂ ಅಲ್ಲ. ಮೊದಲ ಪುಟ ತೆರೆದಾಗಲೆಲ್ಲ, ಆ ಕೌಂಟರಿನಲ್ಲಿ ಇನ್ನೂ ತಲುಪದ ಪಾರ್ಸೆಲ್‌ಗಳನ್ನೆಲ್ಲ ಅದು ಹೊತ್ತು ತರ್ತಿದೆ. ಹಳೇ ಪ್ರೋಗ್ರಾಮು ಆ ದಿನದ್ದನ್ನ ಮಾತ್ರ ನೋಡ್ತಿತ್ತು. ಹೊಸದು ಮೊದಲಿಂದ ಇರೋದೆಲ್ಲ ತಂದು ಮುಂದೆ ಸುರೀತದೆ. ಹಾಗೆ ಬರೆದಿರೋ ತಪ್ಪು ನಮ್ಮದೇ. ಆದರೆ ಒಂದು ವಿಷಯ ಅರ್ಥ ಆಗ್ತಿಲ್ಲ. ಪಾವಗಡ ಒಂದರಲ್ಲೇ ಸಾವಿರಗಟ್ಟಲೆ ಪಾರ್ಸೆಲ್ ತಲುಪಿಲ್ಲ ಅಂತ ಇದೆ. ಅವೆಲ್ಲ ಎಲ್ಲಿ ಹೋದವು?"

ಯಜಮಾನರ ಮುಖ ಕೆಂಪಾಯಿತು. ನಿಧಾನದ ವಿಷಯ ಮರೆತೇಹೋಯಿತು.

"ಕಳ್ಳಿ," ಅಂದರು. "ಅದಕ್ಕೇ ಹಿಂದಿನ ಕೋಣೇಲಿ ಸೇರ್ಕಂಡವ್ಳೆ. ಶ್ರಾವಣ ಕಳೆಯೋದೂ ಬ್ಯಾಡ, ಇವತ್ತೇ ಬಾಗಿಲು ಹಾಕಿಸ್ತೀನಿ." ಫೋನ್ ತೆಗೆದು ಪಾವಗಡದ ಬಸ್ಸಿನ ಡ್ರೈವರಿಗೆ ಒತ್ತತೊಡಗಿದರು. ಇದೇ ಪುಟದಲ್ಲಿ ಮಧುಗಿರಿಯ ಪಾರ್ಸೆಲ್‌ಗಳೂ ರಾಶಿ ಬಿದ್ದಿವೆ, ಅವುಗಳ ಕಳ್ಳಿ ಪೂರ್ವಕ್ಕೆ ಮುಖ ಮಾಡಿ ಎದುರಿಗೇ ಕೂತಿದ್ದಾಳೆ ಅನ್ನುವುದು ಅವರಿಗೆ ಹೊಳೆಯಲಿಲ್ಲ.

ನಾನು ಅವರ ಹತ್ತಿರ ಅದುವರೆಗೆ ಹೂಂ ಸಾರ್, ಇಲ್ಲ ಸಾರ್ ಬಿಟ್ಟು ಬೇರೆ ಮಾತಾಡಿದವಳಲ್ಲ. ಈಗಲೂ ನನ್ನ ಗಂಟಲಿನಿಂದ ಬಂದದ್ದು ಯಾರದೋ ದನಿ.

"ಅವು ಕಳುವಾಗಿಲ್ಲ ಸಾರ್. ದಿನಾ ಕೊನೇದೊಂದು ಮುಚ್ಚಲ್ಲ ನಾವು. ಅಮ್ಮಾವ್ರು ಹೇಳ್ಕೊಟ್ಟಿದ್ದು."

"ಏನಂದೆ?"

ಇನ್ನೊಂದು ಸಲ ಹೇಳುವ ಬದಲು ಎದ್ದು ಮಹಡಿ ಹತ್ತಿದೆ. ಅಮ್ಮಾವ್ರು ಅಲಸಂದೆಕಾಯಿ ಸುಲಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಅವರು ನನ್ನ ಮುಖ ನೋಡಿ ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ಇಳಿದು ಬಂದರು.

ಯಜಮಾನರು ಎಲ್ಲ ಹೇಳಿ ಮುಗಿಸಿದರು. ಆಮೇಲೆ ಅಮ್ಮಾವ್ರು ಶುರು ಮಾಡಿದರು.

"ಲೇ, ನಾನೇ ಹೇಳಿದ್ದು ಕಣ್ಲಾ. ನಿಮ್ಮಪ್ಪನ ಕಾಲದಿಂದ ಅಂಗೇ ನಡ್ಕಂಡ್ ಬಂದೈತೆ. ನೀನು ಒಂದಿನನಾದ್ರೂ ಕೌಂಟ್ರಾಗೆ ಕುಂತಿದ್ರೆ ಗೊತ್ತಾಗಿರಾದು. ಮದ್ವೆ ಮನೇಲಿ ಕುಂತು ನೋಡಿದ್ರೆ ಏನ್ ಕಾಣ್ತದೆ, ಪಾಯಸ ಕಾಣ್ತದೆ."

ಇಂಜಿನಿಯರ್ ತಲೆ ತಗ್ಗಿಸಿ ಲ್ಯಾಪ್‌ಟಾಪ್ ನೋಡಿದರು. ಅವರ ಹೆಗಲು ಅಲುಗುತ್ತಿತ್ತು.

"ಹಳೇದೆಲ್ಲ ಮುಚ್ಚಿಬಿಡೋಣವಾ ಅಜ್ಜಿ?" ಅಂತ ಕೇಳಿದರು.

"ಎಲ್ಲಾನೂ ಮುಚ್ಚಿ ಬರಿದು ಮಾಡಕ್ಕೆ ನಾನು ಬುಡಲ್ಲ."

"ಆದರೆ ಇಷ್ಟೂ ಹಾಗೇ ಇದ್ದರೆ..."

"ಇಷ್ಟೂ ಉಳ್ಸಿ ಅಂದೋರ್ ಯಾರವ್ವ?" ಅಮ್ಮಾವ್ರು ನನ್ನ ಕಡೆ ತಿರುಗಿದರು. "ನೆನ್ನೆ ಉಳ್ಸಿದ್ ಹಿಡಿ ರಾಗೀನ ಏನ್ ಮಾಡ್ತೀಯೆ ನೀನು? ಇವತ್ತಿನ ರಾಗಿ ಜೊತೆ ಬೀಸಲ್ವಾ? ವರ್ಸೆಲ್ಲಾ ಒಂದೊಂದ್ ಹಿಡಿ ಬ್ಯಾರೆ ಬ್ಯಾರೆ ಗಂಟು ಕಟ್ಟಿಡ್ತೀಯಾ? ಸಂಜೆ ಒಂದ್ ಬುಡಾದು, ಬೆಳಿಗ್ಗೆ ಎದ್ದು ಮೊದ್ಲು ಅದ್ನ ಮುಚ್ಚಾದು. ನಾನ್ ಬರಿಯೋವಾಗ ಅಂಗೇ ಅಲ್ವಾ ಮಾಡ್ತಿದ್ದಿದ್ದು. ಅದ್ನೂ ಬಾಯ್ಬುಟ್ಟು ಹೇಳ್ಬೇಕಿತ್ತಾ?"

ಹೇಳಬೇಕಿತ್ತು. ಆದರೆ ಅವರಿಗೆ ಹಾಗನ್ನುವವರು ಮಧುಗಿರಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಆಗಲೇ ನಮಗೆಲ್ಲ ಅರ್ಥವಾದದ್ದು. ಕಾಗದದ ಕಾಲದಲ್ಲಿ ಬೆಳಿಗ್ಗೆ ಪುಸ್ತಕ ತೆರೆದರೆ ನೆನ್ನೆಯ ಸಾಲು ಕಣ್ಣಿಗೆ ಬೀಳುತ್ತಿತ್ತು, ಮುಚ್ಚುತ್ತಿದ್ದರು. ಕರಿ ಪರದೆಯ ಕಂಪ್ಯೂಟರ್ ಬಂದ ಮೇಲೆ ಬೆಳಿಗ್ಗೆ ಹೊಸ ದಿನ ಮಾತ್ರ ಕಾಣುತ್ತಿತ್ತು. ಕಾಣದ್ದನ್ನು ಮುಚ್ಚುವುದು ಹೇಗೆ? ಶಾಸ್ತ್ರದ ಸಂಜೆಯ ಅರ್ಧ ಉಳಿಯಿತು, ಬೆಳಗಿನ ಅರ್ಧ ಬಿದ್ದುಹೋಯಿತು. ನಾವು ಉಳಿದ ಅರ್ಧವನ್ನೇ ಎರಡು ಪಟ್ಟು ಭಕ್ತಿಯಿಂದ ನಡೆಸಿಕೊಂಡು ಬಂದೆವು.

ಇಂಜಿನಿಯರ್ ಅಮ್ಮಾವ್ರ ಮಾತಿನಂತೆಯೇ ಮಾಡಿದರು. ಪ್ರತಿ ಕೌಂಟರಿಗೂ ಕೊನೆಯದೊಂದನ್ನು ಬಿಟ್ಟು, ಹಿಂದಿನದೆಲ್ಲ ಮುಚ್ಚಿದರು. ಇನ್ನು ಮುಂದೆ ಬೆಳಿಗ್ಗೆ ಪುಟ ತೆರೆದರೆ ನೆನ್ನೆ ಉಳಿದದ್ದು ಮೇಲೆಯೇ ಕಾಣುವ ಹಾಗೂ ಮಾಡಿದರು. ಅಮ್ಮಾವ್ರು ಅವರಿಗೆ ಅಲಸಂದೆಕಾಳಿನ ಸಾರು, ಮುದ್ದೆ ಬಡಿಸಿದರು. ಬಸ್ಸಿಗೆ ಹೊತ್ತಾಯಿತು ಅಂದಾಗ, "ನಮ್ಮ್ ಬಸ್ಸು ತಾನೇ, ನಿಧಾನಕ್ಕೆ ಬತ್ತದೆ, ತಿನ್ನು," ಅಂದರು.

ಅವರು ಊಟ ಮಾಡುತ್ತಿರುವಾಗಲೇ ಪಾವಗಡದಿಂದ ಫೋನ್ ಬಂತು.

"ಏಮ್ಮಾ, ತಿರುಗೋದೇ ನಿಂತೋಗೈತೆ. ಒತ್ತಿದ್ ತಕ್ಷಣ ಬತ್ತೈತೆ. ಕೆಟ್ಟೋಯ್ತೇನೋ ಅಂತ ಕೈ ತೆಗ್ದು ಕುಂತಿದೀನಿ."

"ಕೆಟ್ಟಿಲ್ಲ," ಅಂದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ನಾನು ಆಕೆಯ ಹತ್ತಿರ ಒಂದೇ ಸಮನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆ ಕಡೆಯಿಂದ ಬರೀ ಹೂಂ, ಹೂಂ ಅಂತ ಕೇಳುತ್ತಿತ್ತು.

"ಹಂಗಾದ್ರೆ ಪಾತ್ರೆ ಬಿಚ್ಚಲಾ?" ಅಂತ ಕೊನೆಗೆ ಕೇಳಿದಳು. ನಿಜವಾಗಿಯೂ ಕಟ್ಟಿಟ್ಟಿದ್ದಳು.

ಯಜಮಾನರು ತೀರ್ಪು ವಾಪಸ್ ತೆಗೆದುಕೊಂಡೆ ಅಂತ ಎಂದೂ ಹೇಳಲಿಲ್ಲ. ಆ ಮಾತನ್ನು ಎತ್ತದೆ ಬಿಟ್ಟರು, ಅವರ ಮಟ್ಟಿಗೆ ಅದೇ ಕ್ಷಮಾಪಣೆ. ಶ್ರಾವಣ ಕಳೆಯಿತು, ಪಾವಗಡದ ಕೌಂಟರ್ ಇದ್ದಲ್ಲೇ ಇತ್ತು. ಮುಂದೆ ಒಂದು ಮದುವೆಯಲ್ಲಿ ಯಾರಿಗೋ ಫೋನ್ ತೋರಿಸುತ್ತ, "ಕೇಬಲ್ ಹೊಸದು ಎಳೆಸಿದ್ ಮೇಲೆ ನೋಡಿ, ಹೆಂಗ್ ಓಡ್ತೈತೆ," ಅನ್ನುತ್ತಿದ್ದರಂತೆ. ವಾಸ್ತುವಿನವರು ತಮ್ಮಿಂದಲೇ ಸರಿಹೋಯಿತೆಂದು ಊರೆಲ್ಲ ಹೇಳಿಕೊಂಡರು. ನನ್ನನ್ನು ಮತ್ತೆ ಕಂಡಿಯ ಕಡೆಗೆ ತಿರುಗಿಸಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಒಂದು ಭಾನುವಾರ ನಾನೇ ಮೇಜು ಎಳೆದು ತಿರುಗಿಸಿಕೊಂಡೆ.

ಚಕ್ರ ನಿಂತ ಮೇಲೆ ಮಾತೂ ನಿಂತಿತು. ಒತ್ತಿದರೆ ಬರುತ್ತದೆ, ಮುಂದಿನವರು ಕಾಯುತ್ತಿರುತ್ತಾರೆ, ಫೋನ್ ಮಾಡಲು ಯಾರಿಗೆ ಪುರುಸೊತ್ತು? ಒಂದು ಸಂಜೆ ಪಾವಗಡದ ಕೊನೆಯ ಬಸ್ಸಿನಲ್ಲಿ ನನ್ನ ಹೆಸರಿಗೇ ಒಂದು ಪಾರ್ಸೆಲ್ ಬಂತು. ಹುಣಸೆ ತೊಕ್ಕು, ಒಂದು ಡಬ್ಬಿ ತುಂಬ. ಅಂದಿನ ಕೊನೆಯ ಪಾರ್ಸೆಲ್ ಅದೇ. ನಾನು ಅದನ್ನು ಮುಚ್ಚದೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಕಂಪ್ಯೂಟರಿನ ಪ್ರಕಾರ ಅದು ನನಗೆ ಇನ್ನೂ ತಲುಪಿರಲಿಲ್ಲ. ನಿಮ್ಮ ಅಮ್ಮ ಅಷ್ಟರಲ್ಲಿ ಮುದ್ದೆಗೆ ಹಚ್ಚಿಕೊಂಡು ಕಾಲು ಡಬ್ಬಿ ಮುಗಿಸಿದ್ದಳು.

ಬೆಳಿಗ್ಗೆ ಹೋದ ತಕ್ಷಣ ಅದನ್ನು ಮುಚ್ಚಿದೆ. ಆಮೇಲೆ, ಕಂಡಿಯ ಮುಂದೆ ಹೂವಿನವನು ಬುಟ್ಟಿ ಹಿಡಿದು ನಿಂತಿದ್ದರೂ, ಮೊದಲ ಸಲ ನಾನಾಗಿಯೇ ಪಾವಗಡಕ್ಕೆ ಫೋನ್ ಮಾಡಿದೆ.

"ಉಪ್ಪು ಸ್ವಲ್ಪ ಜಾಸ್ತಿ," ಅಂದೆ.